ಚಪ್ಪಲಿಯ ಬೆಲೆಯಲ್ಲಿ ಸೇರದ ನದಿ: ಪಾಲಾರ್ ಕಣಿವೆಯ ತೊಗಲಿನ ಲೆಕ್ಕ

ತೊಗಲಿನ ವ್ಯಾಪಾರಕ್ಕೂ ನಮ್ಮ ಬ್ಯಾರಿ ಮನೆಗಳಿಗೂ ಎರಡು ತುದಿಗಳಲ್ಲಿ ನಂಟಿದೆ. ಒಂದು ತುದಿ ಬಕ್ರೀದ್‌ನದು. ಉಳ್‌ಹಿಯ್ಯತ್‌ನ ಪ್ರಾಣಿಯ ತೊಗಲನ್ನು ನಾವು ಮಾರಿಕೊಳ್ಳುವಂತಿಲ್ಲ, ಕೊಯ್ದವರಿಗೆ ಕೂಲಿಯ ಬದಲಾಗಿ ಕೊಡುವಂತೆಯೂ ಇಲ್ಲ. ಹಾಗಾಗಿ ಅದು ಮದ್ರಸಕ್ಕೋ ಯತೀಂಖಾನೆಗೋ ಹೋಗುತ್ತದೆ, ಅಲ್ಲಿಂದ ಉಪ್ಪು ಹಾಕಿಸಿಕೊಂಡು ವ್ಯಾಪಾರಿಯ ಲಾರಿ ಹತ್ತುತ್ತದೆ. ಇನ್ನೊಂದು ತುದಿ ಅಂಗಡಿಯದು. ಕಾಸರಗೋಡಿನಿಂದ ಮಂಗಳೂರಿನವರೆಗೆ, ಗಲ್ಫಿನ ಪೇಟೆಗಳಲ್ಲೂ, ಚಪ್ಪಲಿ, ಶೂ, ಬ್ಯಾಗ್ ಮಾರುವ ನಮ್ಮವರು ಎಷ್ಟು ಮಂದಿ ಇದ್ದಾರೆ ಎಂದು ಬೇರೆ ಹೇಳಬೇಕಾಗಿಲ್ಲ. ನಾನೂ ಅಂಥ ಅಂಗಡಿಯೊಂದರ ಲೆಕ್ಕ ಬರೆಯುತ್ತಾ ಬಂದವನು.

ಈ ಎರಡು ತುದಿಗಳ ನಡುವೆ ನಡೆಯುವುದು ನಮ್ಮ ಖಾತೆಪುಸ್ತಕಕ್ಕೆ ಬರುವುದಿಲ್ಲ. ಹಸಿ ತೊಗಲು ಹೋಗುತ್ತದೆ, ಹೊಳೆಯುವ ಶೂ ಬರುತ್ತದೆ. ನಡುವಿನ ದಾರಿಯಲ್ಲಿ ಒಂದು ನದಿ ಇದೆ. ಅದರ ಹೆಸರು ಪಾಲಾರ್. ತಮಿಳಿನಲ್ಲಿ ಹಾಗೆಂದರೆ ಹಾಲಿನ ಹೊಳೆ. ಆ ನದಿಯ ನೀರು, ಅದರ ದಂಡೆಯ ಬಾವಿಗಳು ಚಪ್ಪಲಿಯ ಬೆಲೆಯಲ್ಲಿ ಯಾಕೆ ಸೇರಲಿಲ್ಲ, ಸೇರಿಸಲು ಯಾರು ಹೋರಾಡಿದರು, ಮಾಲು ಕೊಳ್ಳುವವರ ಕೈಯಲ್ಲಿ ಏನಿದೆ ಎಂಬುದೇ ಈ ಬರಹದ ವಿಷಯ.

ಪಾಲಾರಿಗೆ ತೊಗಲು ಬಂದ ಬಗೆ

ಪಾಲಾರ್ ಹುಟ್ಟುವುದು ನಮ್ಮ ಕರ್ನಾಟಕದಲ್ಲೇ, ನಂದಿ ಬೆಟ್ಟದ ಸೀಮೆಯಲ್ಲಿ. ಕೋಲಾರದ ಕಡೆಯಿಂದ ಹರಿದು, ಆಂಧ್ರದ ಒಂದು ಮೂಲೆ ಹಾದು, ವಾಣಿಯಂಬಾಡಿಯ ಬಳಿ ತಮಿಳುನಾಡಿಗೆ ಬರುತ್ತದೆ. ಅಲ್ಲಿಂದ ಅಂಬೂರು, ವೆಲ್ಲೂರು, ಮೇಲ್ವಿಶಾರಂ, ರಾಣಿಪೇಟೆಗಳನ್ನು ದಾಟಿ ಬಂಗಾಳ ಕೊಲ್ಲಿ ಸೇರುತ್ತದೆ. ವರ್ಷದ ಹೆಚ್ಚು ದಿನ ಮೇಲೆ ಕಾಣುವುದು ಬರೀ ಮರಳು. ನೀರಿರುವುದು ಮರಳಿನ ಕೆಳಗೆ, ಬಾವಿಗಳಲ್ಲಿ. ಮುಂದಿನ ಕಥೆಗೆಲ್ಲ ಈ ಮಾತು ಮುಖ್ಯ. ಏಕೆಂದರೆ ಮಳೆನೀರು ಬಂದು ತೊಳೆದುಕೊಂಡು ಹೋಗುವ ನದಿ ಇದಲ್ಲ. ಇಲ್ಲಿ ಸುರಿದದ್ದು ಇಲ್ಲೇ ಇಂಗುತ್ತದೆ.

ತೊಗಲು ಹದ ಮಾಡಲು ಮೂರು ವಸ್ತು ಬೇಕು: ನೀರು, ಒಗರಿನ ತೊಗಟೆ, ದುಡಿಯುವ ಕೈ. ಮೂರೂ ಇಲ್ಲಿದ್ದವು. ಹಳದಿ ಹೂವಿನ ತಂಗಡಿ ಗಿಡ, ತಮಿಳರು ಆವಾರಂ ಎನ್ನುವುದು, ಈ ಒಣ ಸೀಮೆಯಲ್ಲಿ ತಾನಾಗಿ ಬೆಳೆಯುತ್ತದೆ. ಅದರ ತೊಗಟೆ, ಅಳಲೆಕಾಯಿ, ಸುಣ್ಣ ಇಷ್ಟರಿಂದ ಹದಗೊಂಡ ತೊಗಲು ಲಂಡನ್ ಪೇಟೆಯಲ್ಲಿ ‘ಈಸ್ಟ್ ಇಂಡಿಯಾ’ ತೊಗಲೆಂದೇ ಹೆಸರಾಯಿತು. 1856ರಲ್ಲಿ ಮದರಾಸಿನ ರಾಯಪುರಂನಿಂದ ವಾಲಾಜಾ ರಸ್ತೆಯವರೆಗೆ ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿತು. ಕೆಲವೇ ವರ್ಷಗಳಲ್ಲಿ ಆ ಹಳಿ ಅಂಬೂರು, ವಾಣಿಯಂಬಾಡಿ ಹಾದು ಮಲಬಾರಿನ ಕರಾವಳಿ ಮುಟ್ಟಿತು. 1907ರಲ್ಲಿ ರೈಲು ಮಂಗಳೂರಿಗೂ ಬಂದಾಗ, ನಮ್ಮ ಮಂಜೇಶ್ವರ, ಉಪ್ಪಳ, ಕುಂಬಳೆಗಳಿಂದ ಪಾಲಾರಿಗೆ ಒಂದೇ ಹಳಿಯ ದಾರಿಯಾಯಿತು. ಮೊದಲ ಮಹಾಯುದ್ಧದ ಕಾಲಕ್ಕೆ ಬ್ರಿಟಿಷ್ ಸೈನ್ಯದ ಬೂಟುಗಳ ಮೇಲ್ಭಾಗಕ್ಕೆ ಮದರಾಸು ಪ್ರಾಂತ್ಯದ ಹದ ಮಾಡಿದ ತೊಗಲು ಬೇಕೇ ಬೇಕೆಂಬಷ್ಟು ಬೇಡಿಕೆ ಬೆಳೆದಿತ್ತು.

ಈ ವ್ಯಾಪಾರವನ್ನು ಕಟ್ಟಿದವರಲ್ಲಿ ತಮಿಳು ಮುಸ್ಲಿಂ ವರ್ತಕರದು ದೊಡ್ಡ ಪಾಲು. ಲಾಭವನ್ನು ಅವರು ಮನೆಗಷ್ಟೇ ಒಯ್ಯಲಿಲ್ಲ. ವಾಣಿಯಂಬಾಡಿಯ ಇಸ್ಲಾಮಿಯಾ ಕಾಲೇಜು 1919ರಲ್ಲಿ ಎದ್ದಿತು. ಮದರಾಸಿನ ನ್ಯೂ ಕಾಲೇಜು, ತಿರುಚ್ಚಿಯ ಜಮಾಲ್ ಮುಹಮ್ಮದ್ ಕಾಲೇಜು 1951ರಲ್ಲಿ, ಮೇಲ್ವಿಶಾರಂನ ಸಿ. ಅಬ್ದುಲ್ ಹಕೀಂ ಕಾಲೇಜು 1965ರಲ್ಲಿ ಶುರುವಾದವು. ಇವುಗಳ ಹಿಂದೆಲ್ಲ ತೊಗಲಿನ ವರ್ತಕರ ದಾನವಿದೆ. ಒಂದು ಸಮುದಾಯ ವ್ಯಾಪಾರದ ಹಣವನ್ನು ವಿದ್ಯೆಗೆ ತಿರುಗಿಸಿದ ಉದಾಹರಣೆಯಾಗಿ ನಮ್ಮ ಸಭೆಗಳಲ್ಲಿ ಇವುಗಳ ಹೆಸರು ಹೇಳುವುದುಂಟು, ಹೇಳಬೇಕಾದದ್ದೇ. ಆದರೆ ಲೆಕ್ಕವೆಂದ ಮೇಲೆ ಜಮೆಯ ಬದಿ ಮಾತ್ರ ಓದಿ ಪುಸ್ತಕ ಮುಚ್ಚುವಂತಿಲ್ಲ.

ತೊಗಟೆ ಹೋಗಿ ಕ್ರೋಮ್ ಬಂತು

ತೊಗಟೆಯ ಹದಕ್ಕೆ ವಾರಗಟ್ಟಲೆ ಬೇಕು. ಕ್ರೋಮಿಯಂ ಲವಣದಿಂದ ಅದೇ ಕೆಲಸ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ, ತೊಗಲೂ ಮೆತ್ತಗಾಗಿ ಬಿಸಿಗೆ ತಡೆಯುತ್ತದೆ. ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಮದರಾಸಿನ ಕಲಾಶಾಲೆಯಲ್ಲಿದ್ದ ಆಲ್‌ಫ್ರೆಡ್ ಚಾಟರ್ಟನ್ ಇದರ ಪ್ರಯೋಗ ನಡೆಸಿದ. ಇದೇ ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಗೆ ಬಂದ. ಸುಮಾರು ಅದೇ ಕಾಲಕ್ಕೆ ಪಲ್ಲಾವರಂ ಬಳಿ ಚೇಂಬರ್ಸ್ ಎಂಬಾತ ಕ್ರೋಮ್ ಲೆದರ್ ಕಂಪನಿ ಶುರು ಮಾಡಿದ. ಚೆನ್ನೈಯ ಕ್ರೋಂಪೇಟೆಗೆ ಆ ಹೆಸರು ಬಂದದ್ದು ಹೀಗೆ.

ಆದರೂ ಬಹಳ ಕಾಲ ಪಾಲಾರ್ ಕಣಿವೆಯಲ್ಲಿ ತೊಗಟೆಯ ಹದವೇ ಹೆಚ್ಚಿತ್ತು. ಅದನ್ನು ತಿರುಗಿಸಿದ್ದು 1970ರ ದಶಕದ ಸರ್ಕಾರಿ ನೀತಿ. ಸೀತಾರಾಮಯ್ಯ ಸಮಿತಿಯ ಶಿಫಾರಸಿನಂತೆ ಹಸಿ ತೊಗಲಿನ ರಫ್ತು ನಿಂತಿತು, ಅರೆಹದದ ತೊಗಲಿನ ರಫ್ತಿಗೆ ಹಂತ ಹಂತವಾಗಿ ಕಡಿವಾಣ ಬಿತ್ತು. ನಮ್ಮ ತೊಗಲಿನಿಂದ ಪರದೇಶದವರು ಯಾಕೆ ಲಾಭ ಮಾಡಬೇಕು, ಶೂ ನಾವೇ ಮಾಡೋಣ, ಕೆಲಸ ನಮ್ಮ ಮಕ್ಕಳಿಗೆ ಸಿಗಲಿ ಎಂಬ ಯೋಚನೆ ಅದು. ಕೆಲಸವೂ ಸಿಕ್ಕಿತು. ಅಂಬೂರಿನ ಶೂ ಕಾರ್ಖಾನೆಗಳಲ್ಲಿ ಇಂದಿಗೂ ಸಾವಿರಾರು ಹೆಂಗಸರು ದುಡಿದು ಮನೆ ನಡೆಸುತ್ತಾರೆ. ಆದರೆ ಸಿದ್ಧ ತೊಗಲಿಗೆ ಬೇಕಾದ ಕ್ರೋಮ್, ಬಣ್ಣ, ಎಣ್ಣೆ, ಆಮ್ಲಗಳೂ ಅದರ ಜೊತೆಗೇ ಬಂದವು. ಯುರೋಪಿನ ಹದಗಾರಿಕೆ ಕಡಿಮೆಯಾಗುತ್ತಾ ಹೋದಂತೆ ಅಲ್ಲಿ ಸುರಿಯುತ್ತಿದ್ದ ಕೊಳಕು ನೀರು ಇಲ್ಲಿ ಸುರಿಯತೊಡಗಿತು. ಶೂ ಮಾತ್ರ ಮೊದಲಿನಂತೆ ಅಲ್ಲಿಗೇ ಹೋಯಿತು.

ಬಾವಿಗಳ ಸಾಕ್ಷಿ

1991ರಲ್ಲಿ ವೆಲ್ಲೂರು ನಾಗರಿಕರ ಕ್ಷೇಮಾಭಿವೃದ್ಧಿ ವೇದಿಕೆ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. 1996ರ ಆಗಸ್ಟ್ 28ರಂದು ನ್ಯಾಯಮೂರ್ತಿ ಕುಲದೀಪ್ ಸಿಂಗ್ ಪೀಠ ಕೊಟ್ಟ ತೀರ್ಪು ಇಂದು ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಗೊತ್ತು. ಅದರಲ್ಲಿ ದಾಖಲಾದ ಅಂಕಿಗಳನ್ನು ಮಾತ್ರ ನಮ್ಮಂಥ ವ್ಯಾಪಾರಿಗಳು ಓದಿದ್ದು ಕಡಿಮೆ. ಐದು ಜಿಲ್ಲೆಗಳಲ್ಲಿ 900ಕ್ಕೂ ಹೆಚ್ಚು ಟ್ಯಾನರಿಗಳು. ಕ್ರೋಮ್ ಹದದಲ್ಲಿ ಸುಮಾರು 170 ಬಗೆಯ ರಾಸಾಯನಿಕಗಳು. ಒಂದು ಕಿಲೋ ಸಿದ್ಧ ತೊಗಲಿಗೆ ಸುಮಾರು 35 ಲೀಟರ್ ನೀರು. ಟ್ಯಾನರಿ ಪಟ್ಟಿಯಲ್ಲಿ ಪೂರ್ತಿಯಾಗಿಯೋ ಭಾಗಶಃವಾಗಿಯೋ ಬೇಸಾಯಕ್ಕೆ ಬಾರದಂತಾದ ಭೂಮಿ ಸುಮಾರು 35,000 ಹೆಕ್ಟೇರ್. ದಿಂಡಿಗಲ್ ಕಡೆಯ 13 ಹಳ್ಳಿಗಳಲ್ಲಿ ಎಣಿಸಿದ 467 ಬಾವಿಗಳಲ್ಲಿ 350 ಕೆಟ್ಟಿದ್ದವು.

ವಿದೇಶಿ ವಿನಿಮಯ, ಉದ್ಯೋಗ ಎರಡನ್ನೂ ನ್ಯಾಯಾಲಯ ತಳ್ಳಿಹಾಕಲಿಲ್ಲ. ಆದರೆ ಅದಕ್ಕಾಗಿ ನೆಲ, ನೀರು ಕೆಡಿಸುವ ಹಕ್ಕು ಯಾರಿಗೂ ಇಲ್ಲವೆಂದಿತು. ‘ಮಲಿನ ಮಾಡಿದವನೇ ತೆರಬೇಕು’ ಮತ್ತು ‘ಮುನ್ನೆಚ್ಚರಿಕೆ’ ಎಂಬ ಎರಡು ತತ್ವಗಳು ಈ ದೇಶದ ಕಾನೂನಿನ ಭಾಗವೇ ಎಂದು ಸಾರಿತು. ಪ್ರತಿ ಟ್ಯಾನರಿಗೂ 10,000 ರೂಪಾಯಿ ದಂಡ ಹಾಕಿ, ರೈತರಿಗೆ ಆದ ನಷ್ಟ ಎಣಿಸಲು ಒಂದು ಪ್ರಾಧಿಕಾರ ರಚಿಸಲು ಹೇಳಿತು.

ಲೆಕ್ಕ ಬರೆಯುವವನಾಗಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಪ್ರಾಧಿಕಾರದ 2001ರ ಆದೇಶ. 1991ರ ಆಗಸ್ಟ್‌ನಿಂದ 1998ರ ಕೊನೆಯವರೆಗಿನ ನಷ್ಟಕ್ಕೆ ಅದು 29,193 ಮಂದಿಯನ್ನು ಗುರುತಿಸಿ, 547 ಟ್ಯಾನರಿಗಳಿಂದ ಸುಮಾರು 26.82 ಕೋಟಿ ರೂಪಾಯಿ ಕೊಡಿಸಬೇಕೆಂದಿತು. ಮೊತ್ತ ದೊಡ್ಡದಾಗಿ ಕಾಣುತ್ತದೆ. ಭಾಗಿಸಿ ನೋಡಿ. ತಲೆಗೆ ಸರಾಸರಿ 9,200 ರೂಪಾಯಿಯ ಆಸುಪಾಸು. ಅವಧಿ ಏಳು ವರ್ಷಕ್ಕೂ ಮೇಲೆ. ಅಂದರೆ ಬಾವಿ ಕಳೆದುಕೊಂಡವರಿಗೆ ತಿಂಗಳಿಗೆ ನೂರು ರೂಪಾಯಿ ಚಿಲ್ಲರೆ. ಇನ್ನೊಂದು ಬದಿ ಭಾಗಿಸಿದರೆ ಟ್ಯಾನರಿಯೊಂದಕ್ಕೆ ಸರಾಸರಿ 4.9 ಲಕ್ಷ, ವರ್ಷಕ್ಕೆ 66,000 ರೂಪಾಯಿಯಷ್ಟು. ರಫ್ತು ಮಾಡುವ ಮಧ್ಯಮ ಟ್ಯಾನರಿಗೆ ಅದು ಯಾವ ಲೆಕ್ಕ?

ಇಲ್ಲಿ ಯಾರನ್ನೂ ದೂರಲು ನಾನು ಈ ಭಾಗಾಕಾರ ಮಾಡುತ್ತಿಲ್ಲ. ನದಿಗೆ ಮೊದಲ ಸಲ ಒಂದು ಬೆಲೆ ಕಟ್ಟಿದಾಗ ಆ ಬೆಲೆ ಎಷ್ಟು ಚಿಕ್ಕದಾಗಿತ್ತು, ಎಷ್ಟು ತಡವಾಗಿ ಬಂತು ಎಂದು ತೋರಿಸಲು ಮಾತ್ರ. ಕೆಟ್ಟ ಮೇಲೆ ಕಟ್ಟುವ ಬೆಲೆ ಯಾವಾಗಲೂ ಹೀಗೆಯೇ. ಕೆಡುವ ಮೊದಲೇ, ಮಾಲು ಕೊಳ್ಳುವಾಗಲೇ ಅದನ್ನು ಬೆಲೆಯಲ್ಲಿ ಸೇರಿಸಬೇಕು. ಪರಿಸರ ಲೆಕ್ಕಪತ್ರ ಎನ್ನುವುದರ ಸಾರ ಇಷ್ಟೇ.

ಕೊಳ್ಳುವವನು ಕೇಳಿದ್ದು, ಕೇಳದೆ ಬಿಟ್ಟದ್ದು

ಕೊಳ್ಳುವವರು ಕೇಳಿದರೆ ಟ್ಯಾನರಿ ಬದಲಾಗುವುದೇ ಎಂಬ ಅನುಮಾನ ಇರುವವರಿಗೆ ಇತಿಹಾಸದಲ್ಲೇ ಉತ್ತರವಿದೆ. ತೊಗಲಿಗೆ ಬೂಸ್ಟು ಹಿಡಿಯದಂತೆ ಪೆಂಟಾಕ್ಲೋರೋಫಿನಾಲ್ ಎಂಬ ವಿಷ ಬಳಸುತ್ತಿದ್ದರು. 1989ರ ಕೊನೆಗೆ ಜರ್ಮನಿ ಅದನ್ನು ನಿಷೇಧಿಸಿತು. ಶೂವಿನಲ್ಲಿ ಅದರ ಅಂಶ ಸಿಕ್ಕರೆ ಮಾಲು ವಾಪಸು. ಜರ್ಮನಿ ನಮ್ಮ ದೊಡ್ಡ ಗಿರಾಕಿ. ಚೆನ್ನೈಯಲ್ಲಿ 1948ರಲ್ಲಿ ಸ್ಥಾಪನೆಯಾಗಿದ್ದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಪರೀಕ್ಷೆಗೂ ಬದಲಿ ವಸ್ತುವಿಗೂ ನೆರವಾಯಿತು. ಕೆಲವೇ ವರ್ಷಗಳಲ್ಲಿ ಚಿಕ್ಕ ಟ್ಯಾನರಿಗಳು ಕೂಡ ಅದನ್ನು ಬಿಟ್ಟವು. 1994ರಲ್ಲಿ ಕ್ಯಾನ್ಸರ್ ತರಬಲ್ಲ ಅಜೋ ಬಣ್ಣಗಳನ್ನು ಜರ್ಮನಿ ನಿಷೇಧಿಸಿತು, 1997ರಲ್ಲಿ ಭಾರತವೂ ನಿಷೇಧಿಸಿತು. 2015ರ ಮೇಯಿಂದ ಯುರೋಪಿನಲ್ಲಿ ತೊಗಲಿನ ವಸ್ತುವಿನ ಒಂದು ಕಿಲೋಗೆ 3 ಮಿಲಿಗ್ರಾಂಗಿಂತ ಹೆಚ್ಚು ಆರು ವೇಲೆನ್ಸಿಯ ಕ್ರೋಮಿಯಂ ಇರುವಂತಿಲ್ಲ. ನಮ್ಮ ರಫ್ತುದಾರರು ಅದಕ್ಕೂ ಹೊಂದಿಕೊಂಡರು.

ಅದೇ ವರ್ಷಗಳಲ್ಲಿ ಪಾಲಾರ್ ದಂಡೆಯ ರೈತರು ಕೋರ್ಟಿನಿಂದ ಕೋರ್ಟಿಗೆ ಅಲೆಯುತ್ತಿದ್ದರು. ಒಂದೇ ಟ್ಯಾನರಿ, ಒಂದೇ ಯಜಮಾನ. ಗಿರಾಕಿಯ ಕಾಲಿನ ಚರ್ಮಕ್ಕೆ ತಗಲುವ ವಿಷ ಕೆಲವೇ ವರ್ಷಗಳಲ್ಲಿ ಹೋಯಿತು, ಊರಿನ ಬಾವಿಗೆ ಇಳಿಯುವ ವಿಷ ದಶಕಗಟ್ಟಲೆ ಉಳಿಯಿತು. ಕಾರಣ ಸರಳ. ಶೂವನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಶೂವಿನಲ್ಲಿ ಉಳಿದದ್ದು ಮಾತ್ರ ಕಾಣುತ್ತದೆ. ಹದ ಮಾಡುವಾಗ ಹರಿದುಹೋದದ್ದು ಕಾಣುವುದಿಲ್ಲ. ಅದನ್ನು ಕಾಣಬೇಕಾದರೆ ಟ್ಯಾನರಿಯ ಪುಸ್ತಕವನ್ನೇ ಬಿಚ್ಚಬೇಕು.

ಒಂದು ಟನ್ ತೊಗಲಿನ ಪುಸ್ತಕ

ಹಾಗಾದರೆ ಆ ಪುಸ್ತಕದಲ್ಲಿ ಏನಿರುತ್ತದೆ? ಹದಗಾರಿಕೆಯ ತಜ್ಞರು ಒಪ್ಪುವ ಸರಾಸರಿ ಅಂಕಿಗಳನ್ನೇ ನೋಡೋಣ. ಉಪ್ಪು ಹಾಕಿದ ಒಂದು ಟನ್ ದನದ ತೊಗಲು ಒಳಗೆ ಹೋದರೆ ಸಿದ್ಧ ತೊಗಲಾಗಿ ಹೊರಬರುವುದು 200ರಿಂದ 250 ಕಿಲೋ. ಹಾಕುವ ರಾಸಾಯನಿಕ ಸುಮಾರು 450 ಕಿಲೋ. ಅದರಲ್ಲಿ ತೊಗಲಿನಲ್ಲಿ ಉಳಿಯುವುದು 70 ಕಿಲೋ ಆಸುಪಾಸು. ಮಿಕ್ಕದ್ದೆಲ್ಲ ನೀರಿಗೋ ಕೆಸರಿಗೋ ಹೋಗುತ್ತದೆ. ಮಾಮೂಲಿ ರೀತಿಯಲ್ಲಿ ಮಾಡಿದರೆ ಹಾಕಿದ ಕ್ರೋಮ್‌ನಲ್ಲಿ ನೂರಕ್ಕೆ 60–70 ಪಾಲು ಮಾತ್ರ ತೊಗಲು ಹೀರಿಕೊಳ್ಳುತ್ತದೆ. ಎಚ್ಚರದಿಂದ ಮಾಡಿದರೆ 90ರವರೆಗೂ ಏರಿಸಬಹುದು, ಉಳಿದದ್ದನ್ನು ಹಿಡಿದು ಮತ್ತೆ ಬಳಸಬಹುದು.

ವ್ಯಾಪಾರಿಯ ಕಣ್ಣಿನಿಂದ ನೋಡಿ. ದುಡ್ಡು ಕೊಟ್ಟು ತಂದ ಕ್ರೋಮ್‌ನ ಮೂರನೇ ಒಂದು ಪಾಲು ಚರಂಡಿಗೆ ಹೋಗುತ್ತಿದ್ದರೂ ಸಾಮಾನ್ಯ ಲೆಕ್ಕದಲ್ಲಿ ಅದು ‘ಕಚ್ಚಾವಸ್ತು ಖರ್ಚು’ ಎಂಬ ಒಂದೇ ಸಾಲಿನಲ್ಲಿ ಮುಚ್ಚಿಹೋಗುತ್ತದೆ. ಪರಿಸರ ಲೆಕ್ಕದಲ್ಲಿ ಮಾಲಾಗಿ ಹೊರಟದ್ದರ ಖರ್ಚು ಬೇರೆ, ಕಸವಾಗಿ ಹೊರಟದ್ದರ ಖರ್ಚು ಬೇರೆ ಎಂದು ಎರಡು ಕಾಲಂ ಮಾಡುತ್ತಾರೆ. ಜರ್ಮನಿಯಲ್ಲಿ ಬೆಳೆದು ಜಪಾನಿನಲ್ಲಿ ಹರಡಿದ ಈ ಪದ್ಧತಿ 2011ರಲ್ಲಿ ಐಎಸ್‌ಒ 14051 ಎಂಬ ಅಂತಾರಾಷ್ಟ್ರೀಯ ಮಾನದಂಡವಾಯಿತು. ಕಸಕ್ಕೆ ತಾನು ಕೊಟ್ಟ ದುಡ್ಡು ಎಷ್ಟೆಂದು ಒಮ್ಮೆ ಕಣ್ಣಾರೆ ಕಂಡ ಯಜಮಾನ ಅದನ್ನು ಕಡಿಮೆ ಮಾಡುವ ದಾರಿ ತಾನೇ ಹುಡುಕುತ್ತಾನೆ.

ಕೊಳ್ಳುವವರಿಗೂ ಇದೇ ಪುಸ್ತಕ ಕೆಲಸಕ್ಕೆ ಬರುತ್ತದೆ. ಲೆಕ್ಕದ ಅನುಕೂಲಕ್ಕೆ ನಾನೇ ಕಟ್ಟಿದ ಒಂದು ಉದಾಹರಣೆ ಕೊಡುತ್ತೇನೆ. ಸಾವಿರ ಚದರಡಿ ತೊಗಲು ಬೇಕು. ಮೊದಲ ಟ್ಯಾನರಿಯವರು ಅಡಿಗೆ 90 ರೂಪಾಯಿ ಹೇಳುತ್ತಾರೆ, ಎರಡನೆಯವರು 96. ವ್ಯತ್ಯಾಸ 6,000. ಎರಡನೆಯವರ ಪುಸ್ತಕ ನೋಡಿದರೆ ಕೊಳಕು ನೀರು ಶುದ್ಧ ಮಾಡಿದ್ದಕ್ಕೆ 4,500, ಉಪ್ಪನ್ನು ಬೇರ್ಪಡಿಸಿ ಇಟ್ಟದ್ದಕ್ಕೆ 2,500 ಖರ್ಚಿದೆ, ಕ್ರೋಮ್ ಮರುಬಳಕೆಯಿಂದ 1,000 ಉಳಿತಾಯವಿದೆ. ಸರಿಯಾಗಿ 6,000. ಮೊದಲನೆಯವರ ಪುಸ್ತಕದಲ್ಲಿ ಈ ಮೂರು ಸಾಲುಗಳೇ ಇಲ್ಲ. ಹಾಗಾದರೆ ಅವರು ಅಗ್ಗಕ್ಕೆ ಕೊಟ್ಟದ್ದಲ್ಲ. ಆ 6,000ವನ್ನು ಕೆಳಗಿನ ಊರಿನ ಯಾರದೋ ಬಾವಿಯ ಲೆಕ್ಕಕ್ಕೆ ಬರೆದಿದ್ದಾರೆ.

ಸರಪಳಿಯ ಹಿಂದಿನ ಕೊಂಡಿಗಳು

ಟ್ಯಾನರಿಯ ಗೇಟಿನಲ್ಲಿ ನಿಂತು ಪುಸ್ತಕ ನೋಡಿದರೆ ಮುಗಿಯಿತೇ? ಇಲ್ಲ. ಟ್ಯಾನರಿಗೂ ಮಾಲು ಕೊಡುವವರಿದ್ದಾರೆ. ಹದಕ್ಕೆ ಬೇಕಾದ ಕ್ರೋಮಿಯಂ ಲವಣ ಮಾಡುತ್ತಿದ್ದ ರಾಣಿಪೇಟೆಯ ಒಂದು ಕಾರ್ಖಾನೆ 1990ರ ದಶಕದ ಮಧ್ಯದಲ್ಲಿ ಮುಚ್ಚಿತು. ಅದು ಬಿಟ್ಟುಹೋದ ಕ್ರೋಮಿಯಂ ಕಸ ಎರಡು ಲಕ್ಷ ಟನ್ನಿಗೂ ಮೇಲೆ. ಆ ಗುಡ್ಡೆಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ, ಯುರೋಪಿನವರು ಶೂವಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಹುಡುಕುವ ಅದೇ ವಿಷ. ಪ್ರತಿ ಮಳೆಗೂ ಅದು ಸುತ್ತಲಿನ ಅಂತರ್ಜಲಕ್ಕೆ ಇಳಿಯುತ್ತಾ ಬಂದಿದೆ. ಟ್ಯಾನರಿ ಎಷ್ಟೇ ಚೊಕ್ಕವಾಗಿದ್ದರೂ ಅದರ ಕ್ರೋಮ್ ಎಲ್ಲಿಂದ ಬಂತು ಎಂದು ಕೇಳದಿದ್ದರೆ ಲೆಕ್ಕ ಅರ್ಧವೇ.

ಇನ್ನೊಂದು ಕೊಂಡಿ ನಾವೇ. ಹಸಿ ತೊಗಲು ಕೊಳೆಯದಂತೆ ಉಪ್ಪು ಹಾಕುತ್ತೇವಲ್ಲ, ಒಂದು ಟನ್ ತೊಗಲಿಗೆ ಅದು 300ರಿಂದ 400 ಕಿಲೋವರೆಗೆ ಬೇಕಾಗುತ್ತದೆ. ಟ್ಯಾನರಿಯಲ್ಲಿ ಮೊದಲ ಕೆಲಸವೇ ತೊಗಲನ್ನು ನೆನೆಹಾಕಿ ಆ ಉಪ್ಪನ್ನು ತೊಳೆಯುವುದು. ಕ್ರೋಮನ್ನು ಕ್ಷಾರ ಹಾಕಿ ತಳಕ್ಕಿಳಿಸಿ ಹಿಡಿಯಬಹುದು, ಕೊಳೆಯುವ ವಸ್ತುವನ್ನು ಸೂಕ್ಷ್ಮಜೀವಿಗಳು ತಿನ್ನುತ್ತವೆ. ಕರಗಿದ ಉಪ್ಪು ಮಾತ್ರ ಮಾಮೂಲಿ ಶುದ್ಧೀಕರಣ ಘಟಕದ ಈ ಬದಿಯಿಂದ ಹೊಕ್ಕು ಆ ಬದಿಯಿಂದ ಹಾಗೆಯೇ ಹೊರಡುತ್ತದೆ. ಪಾಲಾರ್ ದಂಡೆಯ ಗದ್ದೆ ತೋಟಗಳನ್ನು ಸುಟ್ಟದ್ದರಲ್ಲಿ ಈ ಉಪ್ಪಿನ ಪಾಲು ಬಹಳ ದೊಡ್ಡದು. ಟ್ಯಾನರಿಯ ಹೊರಗೆ, ನಮ್ಮ ಕರಾವಳಿಯಂಥ ನೂರಾರು ಕಡೆಗಳಲ್ಲಿ ಹಾಕಿದ ಉಪ್ಪು ಅದು.

ಹಾಗೆಂದು ಉಪ್ಪೇ ಬೇಡವೆನ್ನಲು ಆಗುವುದಿಲ್ಲ. ಜೂನ್ ಜುಲೈಯ ನಮ್ಮ ಮಳೆಯಲ್ಲಿ ಉಪ್ಪಿಲ್ಲದ ತೊಗಲು ಒಂದು ದಿನವೂ ನಿಲ್ಲದು. ಮಾಡಬಹುದಾದದ್ದು ಬೇರೆ ಇದೆ. ಕೊಯ್ದ ಕೆಲವೇ ಗಂಟೆಗಳಲ್ಲಿ ಕೊಬ್ಬು, ಮಾಂಸ ಕೆರೆದು ಹರಡಿ ಹಾಕಿದರೆ ಕಡಿಮೆ ಉಪ್ಪು ಸಾಕು. ಲಾರಿಗೆ ಏರಿಸುವ ಮೊದಲೂ ಟ್ಯಾನರಿಯಲ್ಲಿ ನೆನೆಹಾಕುವ ಮೊದಲೂ ಕೊಡವಿದರೆ ಒಣ ಉಪ್ಪಿನ ಒಂದಂಶವಾದರೂ ನೀರಿಗೆ ಬೀಳದು. ತಣ್ಣಗೆ ಇಡುವ ವ್ಯವಸ್ಥೆ ಹತ್ತಿರವಿದ್ದರೆ ಇನ್ನೂ ಉತ್ತಮ. ಕೆಲವು ವರ್ಷಗಳಿಂದ ಬಕ್ರೀದ್ ತೊಗಲಿಗೆ ಬೆಲೆಯೇ ಇಲ್ಲದಂತಾಗಿ, ಆಡಿನ ತೊಗಲನ್ನು ಹೂಳಿದ ಜಮಾಅತ್‌ಗಳೂ ಇವೆ. ರೆಕ್ಸಿನ್ ಮತ್ತು ಪ್ಲಾಸ್ಟಿಕ್ ಚಪ್ಪಲಿಯ ಪೈಪೋಟಿ, ರಫ್ತಿನ ಏರಿಳಿತ, ಶುದ್ಧೀಕರಣದ ಖರ್ಚು ಹೀಗೆ ಅದಕ್ಕೆ ಕಾರಣ ಹಲವು. ಬೆಲೆ ಇಲ್ಲದ ವಸ್ತುವನ್ನು ಅಂದವಾಗಿ ನೋಡಿಕೊಳ್ಳಲು ಯಾರಿಗೂ ಮನಸ್ಸು ಬಾರದು. ಆದರೆ ಚೊಕ್ಕವಾಗಿ ಬಂದ ತೊಗಲಿಗೆ ನಾಲ್ಕು ಕಾಸು ಹೆಚ್ಚು ಕೊಡುವ ಕೊಳ್ಳುಗನಿದ್ದರೆ ನಮ್ಮ ಮದ್ರಸಗಳಿಗೂ ಅದರಿಂದ ಒಳ್ಳೆಯದೇ.

ಶುದ್ಧೀಕರಣದ ಬೆಲೆ ತೆತ್ತವರು

1996ರ ನಂತರ ಪಾಲಾರ್ ಕಣಿವೆಯಲ್ಲಿ ಏನೂ ಆಗಲಿಲ್ಲವೆಂದರೆ ಅನ್ಯಾಯವಾದೀತು. ಚಿಕ್ಕ ಟ್ಯಾನರಿಗಳು ಸೇರಿ ಸಾಮೂಹಿಕ ಶುದ್ಧೀಕರಣ ಘಟಕಗಳನ್ನು ನಡೆಸಿದವು. ಆಮೇಲೆ ಒಂದು ಹನಿ ಕೊಳಕು ನೀರನ್ನೂ ಹೊರಗೆ ಬಿಡಬಾರದೆಂಬ ಕಟ್ಟಳೆ ಬಂತು. ನೀರನ್ನು ಸೂಕ್ಷ್ಮ ಪೊರೆಗಳ ಮೂಲಕ ಒತ್ತಿ ತೆಗೆದು ಮತ್ತೆ ಬಳಸುವುದು, ಉಳಿದ ಉಪ್ಪುನೀರನ್ನು ಕುದಿಸಿ ಆರಿಸುವುದು ಅದರ ಕ್ರಮ. ಬಹಳಷ್ಟು ನೀರು ಮರಳಿ ಸಿಗುತ್ತದೆ. ಅದಕ್ಕೆ ಬೇಕಾದ ವಿದ್ಯುತ್ತು, ಸೌದೆ ಮಾತ್ರ ಕಡಿಮೆಯಲ್ಲ. ಕೊನೆಗೆ ಉಳಿಯುವ ಬೆರಕೆ ಉಪ್ಪನ್ನು ಕೊಳ್ಳುವವರಿಲ್ಲದೆ ಶೆಡ್ಡುಗಳಲ್ಲಿ ರಾಶಿ ಹಾಕಿದ್ದಾರೆ. ಪರಿಸರ ಲೆಕ್ಕ ಬರೆಯುವವರು ಈ ವಿದ್ಯುತ್ತನ್ನೂ ಈ ರಾಶಿಯನ್ನೂ ಬರೆಯಲೇಬೇಕು. ನೀರಿನ ಕಾಲಂನಲ್ಲಿ ಸೊನ್ನೆ ಬಂದ ಮಾತ್ರಕ್ಕೆ ಉಳಿದ ಕಾಲಂ ಮುಚ್ಚುವಂತಿಲ್ಲ.

ಮನುಷ್ಯರ ಕಾಲಂ ಕೂಡ ಇದೆ. 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಸಾಮೂಹಿಕ ಘಟಕವೊಂದರ ಕೆಸರಿನ ತೊಟ್ಟಿಯ ಗೋಡೆ ಕುಸಿಯಿತು. ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದವರ ಮೇಲೆ ವಿಷದ ಕೆಸರು ನುಗ್ಗಿ 10 ಕಾರ್ಮಿಕರು ಸತ್ತರು. ಹೆಚ್ಚಿನವರು ಪಶ್ಚಿಮ ಬಂಗಾಳದಿಂದ ದುಡಿಯಲು ಬಂದ ಹುಡುಗರು. ನದಿಗೆ ಬಿಡದೆ ಹಿಡಿದಿಟ್ಟ ಕೆಸರನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರವಿಲ್ಲದೆ ರಾಶಿ ಬಿದ್ದಿದ್ದ ಕೆಸರು ಅದು. ಊರು ಬಿಟ್ಟು ದುಡಿಯಲು ಹೋದ ಮಕ್ಕಳಿರುವ ಮನೆಗಳು ನಮ್ಮವು. ಆ ಸುದ್ದಿಯ ಭಾರ ನಮಗೆ ಬೇರೆಯವರು ಹೇಳಬೇಕಾಗಿಲ್ಲ.

ರೈತರ ಲೆಕ್ಕವೂ 2001ರಲ್ಲಿ ಮುಗಿಯಲಿಲ್ಲ. 2025ರ ಜನವರಿ 30ರಂದು ಸುಪ್ರೀಂ ಕೋರ್ಟ್ ಮತ್ತೊಮ್ಮೆ ತೀರ್ಪು ಕೊಟ್ಟಿತು. ಪರಿಹಾರ ಸಿಗದೆ ಉಳಿದವರಿಗೆ ಆರು ವಾರಗಳಲ್ಲಿ ಸರ್ಕಾರವೇ ಹಣ ಕೊಟ್ಟು, ಮಲಿನ ಮಾಡಿದವರಿಂದ ಆಮೇಲೆ ವಸೂಲು ಮಾಡಲಿ ಎಂದಿತು. ನಿವೃತ್ತ ಹೈಕೋರ್ಟ್ ನ್ಯಾಯಮೂರ್ತಿಯ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿ ನೆಲ, ನೀರು ಸರಿಪಡಿಸಲು ಯೋಜನೆ ಮಾಡುವಂತೆ ಹೇಳಿತು, ಪ್ರಕರಣದ ಮೇಲಿನ ಹಿಡಿತವನ್ನು ತಾನೇ ಇಟ್ಟುಕೊಂಡಿತು. 1991ರಲ್ಲಿ ಅರ್ಜಿ ಹಾಕಿದಾಗ ಹುಟ್ಟಿದ ಮಗುವಿಗೆ ಆ ಹೊತ್ತಿಗೆ 33 ದಾಟಿತ್ತು.

ನಮ್ಮ ಅಂಗಡಿಗಳಿಂದ ಕೇಳಬಹುದಾದದ್ದು

‘ನಾವು ಹತ್ತಿಪ್ಪತ್ತು ಜೋಡಿ ತರುವವರು, ನಮ್ಮ ಮಾತು ಯಾರು ಕೇಳುತ್ತಾರೆ?’ ಎಂದು ಅಂಗಡಿಯವರು ಹೇಳುವುದನ್ನು ನಾನು ಕೇಳಿದ್ದೇನೆ. ಅದರಲ್ಲಿ ನಿಜವಿದೆ. ದೊಡ್ಡ ಬ್ರ್ಯಾಂಡುಗಳು 2005ರಲ್ಲಿ ಲೆದರ್ ವರ್ಕಿಂಗ್ ಗ್ರೂಪ್ ಎಂಬ ಕೂಟ ಕಟ್ಟಿಕೊಂಡು, ನೀರು, ವಿದ್ಯುತ್ತು, ಕ್ರೋಮ್, ಕಸಗಳ ಲೆಕ್ಕ ತಪಾಸಣೆ ಮಾಡಿ ಟ್ಯಾನರಿಗಳಿಗೆ ಚಿನ್ನ, ಬೆಳ್ಳಿ, ಕಂಚಿನ ದರ್ಜೆ ಕೊಡುತ್ತವೆ. ನಮ್ಮ ಪಾಲಾರ್ ಕಣಿವೆಯ ಹಲವು ಟ್ಯಾನರಿಗಳಿಗೂ ಆ ದರ್ಜೆ ಇದೆ. ಆದರೆ ರಫ್ತಿಗೆ ಹೋಗುವ ಮಾಲಿಗೆ ಈ ತಪಾಸಣೆ, ನಮ್ಮ ಪೇಟೆಗೆ ಬರುವ ಮಾಲಿಗೆ ಕೇಳುವವರಿಲ್ಲ ಎಂದಾದರೆ ಹೊರೆಯೆಲ್ಲ ನಮ್ಮದೇ ನೆಲದ ಮೇಲೆ ಬೀಳುತ್ತದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು. ಕಟ್ಟುನಿಟ್ಟು ಮಾಡಿದರೆ ಚಿಕ್ಕ ಟ್ಯಾನರಿಗಳು ಮುಚ್ಚುತ್ತವೆ, ದೊಡ್ಡವರು ಉಳಿಯುತ್ತಾರೆ, ಕೆಲಸ ಹೋಗುವುದು ಬಡವರದೇ ಎಂದು. ಹೌದು, ಹಾಗೂ ಆಗಿದೆ. ಆದ್ದರಿಂದಲೇ ಕೆಟ್ಟ ಪುಸ್ತಕ ಕಂಡ ಕೂಡಲೇ ಟ್ಯಾನರಿಯನ್ನು ಬಿಟ್ಟು ಓಡುವುದು ಸರಿಯಾದ ಆಯ್ಕೆ ಎಂದು ನನಗನ್ನಿಸುವುದಿಲ್ಲ. ಲೆಕ್ಕ ತೋರಿಸುವ, ವರ್ಷದಿಂದ ವರ್ಷಕ್ಕೆ ಅದನ್ನು ಸುಧಾರಿಸುವ ಚಿಕ್ಕ ಟ್ಯಾನರಿಗೆ ಅಡಿಗೆ ಎರಡು ರೂಪಾಯಿ ಹೆಚ್ಚು ಕೊಟ್ಟು ಅವರ ಜೊತೆ ನಿಲ್ಲಬೇಕು. ಲೆಕ್ಕ ತೋರಿಸಲಾರೆ ಎನ್ನುವವರು ಎಷ್ಟೇ ದೊಡ್ಡವರಾಗಿರಲಿ, ಅವರಿಂದ ದೂರ ಸರಿಯಬೇಕು.

ಒಬ್ಬ ಅಂಗಡಿಯವರು ಕೇಳಿದರೆ ಸಗಟು ವ್ಯಾಪಾರಿ ನಕ್ಕುಬಿಟ್ಟಾನು. ನಮ್ಮ ಕಡೆಯ ನಲವತ್ತು ಅಂಗಡಿಯವರು ಒಟ್ಟಿಗೆ ಕೇಳಿದರೆ ನಗಲಾರ. ಕೇಳಬೇಕಾದ್ದು ಐದೇ ಪ್ರಶ್ನೆ. ಈ ತೊಗಲು ಯಾವ ಟ್ಯಾನರಿಯದು? ಅಲ್ಲಿಯ ಕೊಳಕು ನೀರು ಎಲ್ಲಿಗೆ ಹೋಗುತ್ತದೆ? ಒಂದು ಟನ್ ತೊಗಲಿಗೆ ಎಷ್ಟು ನೀರು, ಎಷ್ಟು ಕ್ರೋಮ್? ಕ್ರೋಮ್ ಬೆರೆತ ಕೆಸರನ್ನೂ ಉಪ್ಪನ್ನೂ ಎಲ್ಲಿ ಇಟ್ಟಿದ್ದಾರೆ? ಇದನ್ನೆಲ್ಲ ಹೊರಗಿನವರು ಯಾರಾದರೂ ತಪಾಸಣೆ ಮಾಡಿದ್ದಾರೆಯೇ? ಮೊದಲ ವರ್ಷ ಎಲ್ಲದಕ್ಕೂ ಉತ್ತರ ಬರಲಿಕ್ಕಿಲ್ಲ. ಬಂದ ಉತ್ತರವನ್ನು ಬೆಲೆಯ ಪಕ್ಕದ ಕಾಲಂನಲ್ಲಿ ಬರೆದಿಟ್ಟರೆ ಎರಡನೇ ವರ್ಷ ಹೋಲಿಸಲು ಏನಾದರೂ ಇರುತ್ತದೆ. ಜರ್ಮನಿಯ ಗಿರಾಕಿ ತನ್ನ ಕಾಲಿನ ಬಗ್ಗೆ ಕೇಳಿದಾಗ ಟ್ಯಾನರಿಗಳು ಉತ್ತರ ಕೊಟ್ಟಿವೆ. ಬಾವಿಯ ಬಗ್ಗೆ ಕೇಳುವ ಗಿರಾಕಿ ಮಾತ್ರ ಇನ್ನೂ ಬರಬೇಕಾಗಿದೆ.